ಪುಟ್ಟಮಾದಮ್ಮನ ಬೆರಳು, ಊರವರ ಹೊಟ್ಟೆಕಿಚ್ಚು

ಗುರುವಾರ, ಬೆಳಗಿನ ಐದೂವರೆ. ನಂಜನಗೂಡು ಕಡೆಯ ಹದಿನಾರು ಎಂಬ ಊರಿನ ಕೋಳಿಗಳು ಕೂಗಬೇಕೋ ಬೇಡವೋ ಎಂದು ಇನ್ನೂ ಯೋಚಿಸುತ್ತಿವೆ. ಪುಟ್ಟಮಾದಮ್ಮ ಆಗಲೇ ಜಗಲಿಯ ಮೇಲೆ ಗೋಣಿಚೀಲ ಹಾಸಿ, ಕಾಲು ಮಡಿಸಿ, ಎಂಟು ಎಚ್‌ಪಿ ಡೀಸೆಲ್ ಎಂಜಿನ್ನಿನ ಎದುರು ಕೂತಿದ್ದಾರೆ. ಎಂಜಿನ್ನಿನ ಹೊಟ್ಟೆ ಬಿಚ್ಚಿದೆ. ಒಳಗೆ ತಿರುಗುವ ಡೊಂಕು ದಂಡ, ಅದೇ ಕ್ರ್ಯಾಂಕು, ಎಣ್ಣೆ ಸವರಿಕೊಂಡು ಗೋಣಿಯ ಮೇಲೆ ಮಲಗಿದೆ. ಅವರ ಕಣ್ಣು ಮುಚ್ಚಿವೆ. ಬಲಗೈಯ ನಡುಬೆರಳು ದಂಡದ ಮೇಲೆ ಆಚೆ ಹೋಗಿ ಈಚೆ ಬಂದು ಒಂದು ಕಡೆ ನಿಲ್ಲುತ್ತದೆ.

“ಇಲ್ಲೊಂದು ಏರು ಅದೆ ಸಾ,” ಎನ್ನುತ್ತಾರೆ.

ನಾನೂ ಮುಟ್ಟುತ್ತೇನೆ. ನನ್ನ ಬೆರಳೇನೂ ಕಡಿಮೆಯದಲ್ಲ. ಸೀರೆ ಅಂಗಡಿಯಲ್ಲಿ ಸೆರಗು ಮುಟ್ಟಿದ ಮಾತ್ರಕ್ಕೆ ಬೆರಕೆ ರೇಷ್ಮೆ ಹಿಡಿದು ಮೂವರು ಮಾಲೀಕರನ್ನು ಬೆವರಿಸಿದ ಬೆರಳು ಇದು. ಆದರೆ ಈ ದಂಡ ನನಗೆ ಗಾಜಿನಷ್ಟು ನುಣುಪಾಗಿದೆ. ಪುಟ್ಟಮಾದಮ್ಮ ಗಡಿಯಾರದಂಥ ಡಯಲ್ ಗೇಜನ್ನು ಆ ಜಾಗಕ್ಕೆ ಹಿಡಿಯುತ್ತಾರೆ. ಮುಳ್ಳು ಅರ್ಧ ಗೆರೆ ಅಲುಗುತ್ತದೆ. ಅರ್ಧ ಗೆರೆ ಎಂದರೆ ತಲೆಗೂದಲೊಂದನ್ನು ಉದ್ದಕ್ಕೆ ಹದಿನಾಲ್ಕು ಸೀಳು ಮಾಡಿದರೆ ಬರುವ ಒಂದು ಸೀಳು. ಆ ಕ್ಷಣದಿಂದ ನನಗೆ ಈ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು. ಈ ಲೇಖನವನ್ನು ಆ ಕಿಚ್ಚಿನಲ್ಲೇ ಬೇಯಿಸಿದ್ದೇನೆ, ಓದುಗರು ಕ್ಷಮಿಸಬೇಕು.

ಬೆಳಗಿನ ಜಾವವೇ ಏಕೆ ಎಂದು ಕೇಳಿದರೆ ಉತ್ತರ ಚಿಕ್ಕದು. “ಬಿಸ್ಲು ಏರ್ದ ಮ್ಯಾಲೆ ಕಬ್ಬುಣ ಸುಳ್ಳು ಏಳ್ತದೆ. ತಣ್ಣಗಿರೋವಾಗ ಮಾತ್ರ ನಿಜ.” ಕಾದ ಲೋಹ ಹಿಗ್ಗುತ್ತದೆ, ಅಳತೆ ತಪ್ಪುತ್ತದೆ ಎಂಬುದನ್ನು ಎಂಜಿನಿಯರಿಂಗ್ ಕಾಲೇಜುಗಳು ನಾಲ್ಕು ವರ್ಷ ಕೂರಿಸಿ ಕಲಿಸುತ್ತವೆ.

ಇಂಥ ಕೆಲಸ ಮನೆಯ ಜಗಲಿಯಲ್ಲಿ ಆಗುವಂಥದ್ದಲ್ಲ. ಸುತ್ತಲ ಹಳ್ಳಿಗಳಲ್ಲಿ ಪಂಪ್‌ಸೆಟ್, ಆಲೆಮನೆ, ಹಿಟ್ಟಿನ ಗಿರಣಿಯ ಎಂಜಿನ್ ಕೆಟ್ಟರೆ ಬಿಚ್ಚುವುದು ಊರಿನ ಮೆಕ್ಯಾನಿಕ್ಕು. ಸೂಕ್ಷ್ಮದ ಕೆಲಸಕ್ಕೆ ಮಾತ್ರ ದಂಡ, ಬೇರಿಂಗು ಎಲ್ಲವೂ ನಂಜನಗೂಡಿನ ಲೇತ್ ಅಂಗಡಿಗೆ ಹೋಗಬೇಕು. ಅಲ್ಲಿ ಸರದಿ ನಿಂತು ವಾರ ಕಳೆದು ವಾಪಸು ಬರಬೇಕು. ಪುಟ್ಟಮಾದಮ್ಮ ಆ ವಾರವನ್ನೇ ಅಳಿಸಿಹಾಕಿದ್ದಾರೆ. ಬಟ್ಟೆಗೆ ಹಾಕುವ ನೀಲಿಯನ್ನು ಹರಳೆಣ್ಣೆಯಲ್ಲಿ ಕಲೆಸಿ ದಂಡಕ್ಕೆ ತೆಳ್ಳಗೆ ಸವರುತ್ತಾರೆ. ಬೇರಿಂಗನ್ನು ಅದರ ಮೇಲೆ ಕೂರಿಸಿ ಒಮ್ಮೆ ತಿರುಗಿಸಿ ತೆಗೆಯುತ್ತಾರೆ. ಎಲ್ಲಿ ನೀಲಿ ಹತ್ತಿದೆಯೋ ಅಲ್ಲಿ ಉಬ್ಬು. ಹಳೆಯ ಅರವನ್ನು ಮಸೆದು ಮಾಡಿದ ಕೆರೆಯುವ ಉಳಿಯಿಂದ ಆ ಉಬ್ಬನ್ನಷ್ಟೇ ಕೆರೆಯುತ್ತಾರೆ. ಮತ್ತೆ ನೀಲಿ, ಮತ್ತೆ ಕೆರೆತ. ಒಂದು ಬೇರಿಂಗಿಗೆ ಅರವತ್ತು ಸಲವೂ ಆಗಬಹುದು, ನೂರು ಸಲವೂ ಆಗಬಹುದು. ನಾನು ಇಪ್ಪತ್ತಮೂರರವರೆಗೆ ಎಣಿಸಿ ಕಾಫಿಗೆ ಎದ್ದೆ.

ಈ ಬೆರಳು ತಯಾರಾದದ್ದು ಎಂಜಿನ್ನಿನ ಮುಂದಲ್ಲ. ಐವತ್ತೆರಡರ ಪುಟ್ಟಮಾದಮ್ಮ ಹತ್ತೊಂಬತ್ತು ವರ್ಷ ತಿ. ನರಸೀಪುರದ ಕಡೆ ರೇಷ್ಮೆ ನೂಲು ಬಿಚ್ಚುವ ಘಟಕವೊಂದರಲ್ಲಿ ಕೂಲಿ ಮಾಡಿದವರು. ಕುದಿನೀರಿನಲ್ಲಿ ತೇಲುವ ಎಂಟು ಗೂಡುಗಳ ಎಳೆ ಸೇರಿ ಒಂದು ನೂಲು. ಅದರಲ್ಲಿ ಒಂದು ಗೂಡಿನ ಎಳೆ ತುಂಡಾದರೂ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಗೊತ್ತಾಗಬೇಕು. “ಏಳೆಳೆ ಓಡ್ತಾ ಅದೆ ಅಂತ ಬೆರಳೇ ಕೂಗ್ತಿತ್ತು. ಕೂಗ್ದೆ ಇದ್ರೆ ಮೇಸ್ತ್ರಿ ಕೂಗ್ತಿದ್ದ,” ಎಂದು ನಗುತ್ತಾರೆ. ಬಿಸಿನೀರಿಗೆ ಬೆರಳ ತುದಿಯ ಚರ್ಮ ಸುಲಿದು, ಬೆಳೆದು, ಮತ್ತೆ ಸುಲಿದು ಈಗ ಅಲ್ಲಿ ಗೆರೆಗಳೇ ಇಲ್ಲ. ಆಧಾರ್ ಯಂತ್ರ ಇವರ ಹೆಬ್ಬೆಟ್ಟನ್ನು ಐದು ಸಲ ಒಲ್ಲೆ ಎಂದಿದೆಯಂತೆ. ಕಾವೇರಿ, ಕಪಿಲೆ ಕೂಡುವ ಜಾಗದಲ್ಲಿ ನೀರಿಗೆ ಬೆರಳಿಟ್ಟು ಇದು ಯಾವ ಹೊಳೆಯದು ಎಂದು ಹೇಳಬಲ್ಲ ಬೆರಳನ್ನು ಸರ್ಕಾರದ ಯಂತ್ರ ಗುರುತಿಸುವುದಿಲ್ಲ.

ಎಂಟು ವರ್ಷದ ಹಿಂದೆ ಘಟಕ ಮುಚ್ಚಿತು. ಮನೆಯಲ್ಲಿ ಗಂಡ ರಾಜೇಂದ್ರ, ಊರಿನ ಡೀಸೆಲ್ ಮೆಕ್ಯಾನಿಕ್ಕು. ಒಂದು ಸಂಜೆ ಅವರು ಲೇತ್‌ನಿಂದ ಬಂದ ಬೇರಿಂಗನ್ನು ಜಗಲಿಯಲ್ಲಿಟ್ಟು ಕೈ ತೊಳೆಯಲು ಹೋದಾಗ ಪುಟ್ಟಮಾದಮ್ಮ ಸುಮ್ಮನೆ ಬೆರಳಾಡಿಸಿ, ಇದು ಒಂದು ಕಡೆ ಕುಂತಿಲ್ಲ ಎಂದರು. ರಾಜೇಂದ್ರ ನಕ್ಕು ಅದನ್ನೇ ಹಾಕಿದರು. ಎಂಜಿನ್ ನಾಲ್ಕನೇ ದಿನ ಬಡಿದುಕೊಂಡು ನಿಂತಿತು. ಆಮೇಲೆ ನಗಲಿಲ್ಲ.

“ಮದ್ವೆ ಆದಾಗ ಇವ್ಳಿಗೆ ಸ್ಪ್ಯಾನರ್ ಯಾವ್ದು ಸೌಟ್ ಯಾವ್ದು ಗೊತ್ತಿರ್ಲಿಲ್ಲ ಸಾ. ಎಲ್ಲಾ ನಾನೇ ಕಲ್ಸಿದ್ದು,” ಎನ್ನುತ್ತಾರೆ ರಾಜೇಂದ್ರ.

“ಕಲ್ಸಿದ್ದು ದಿಟ,” ಎನ್ನುತ್ತಾರೆ ಪುಟ್ಟಮಾದಮ್ಮ, ಕೆರೆಯುವುದನ್ನು ನಿಲ್ಲಿಸದೆ. “ನಾ ಕಲ್ತ ಮ್ಯಾಲೆ ಇವ್ರಿಗೆ ತಡ್ಕಳಕ್ಕೆ ಆಯ್ತಿಲ್ಲ, ಅಷ್ಟೆ.”

ಬಾಗಿಲ ಮೇಲಿನ ತಗಡಿನ ಬೋರ್ಡಿನಲ್ಲಿ ಹಳದಿ ಅಕ್ಷರದಲ್ಲಿ ‘ರಾಜೇಂದ್ರ ಡೀಸೆಲ್ ವರ್ಕ್ಸ್’ ಎಂದಿದೆ. ಬಿಚ್ಚುವುದು, ಎತ್ತುವುದು, ಕೊನೆಯಲ್ಲಿ ಬೋಲ್ಟು ಬಿಗಿಯುವುದು ರಾಜೇಂದ್ರರ ಕೆಲಸ. ನಡುವಿನ ಸೂಕ್ಷ್ಮವೆಲ್ಲ ಪುಟ್ಟಮಾದಮ್ಮನದು. ಎಂಟು ವರ್ಷಕ್ಕೆ ಇನ್ನೂರ ಹದಿನೇಳು ಎಂಜಿನ್. ಆ ಸಂಖ್ಯೆ ನನ್ನ ಉತ್ಪ್ರೇಕ್ಷೆಯಲ್ಲ, ಗೋಡೆಯ ಮೊಳೆಗೆ ದಾರದಲ್ಲಿ ಪೋಣಿಸಿ ನೇತುಹಾಕಿದೆ. ಏನು ಪೋಣಿಸಿದ್ದಾರೆ ಎಂದು ಹೇಳಲು ಲಗ್ನಪತ್ರಿಕೆಯ ವಿಚಾರಕ್ಕೆ ಬರಬೇಕು.

ಕ್ರ್ಯಾಂಕು ಎಂಜಿನ್ನಿನ ಒಳಗೆ ತಿರುಗುವಾಗ ಪಕ್ಕಕ್ಕೆ ಸರಿದಾಡಲು ಒಂದಿಷ್ಟೇ ಇಷ್ಟು ಜಾಗ ಬೇಕು. ಜಾಗ ಹೆಚ್ಚಾದರೆ ಬಡಿದುಕೊಳ್ಳುತ್ತದೆ, ಕಡಿಮೆಯಾದರೆ ಕಾದು ಹಿಗ್ಗಿದಾಗ ಹಿಡಿದುಕೊಳ್ಳುತ್ತದೆ. ಆ ಜಾಗವನ್ನು ಹೊಂದಿಸಲು ಬೇರಿಂಗಿನ ಮುಚ್ಚಳದ ಕೆಳಗೆ ತೆಳು ಪದರ ಕೊಡಬೇಕು. ಪದರ ಸೇರಿದಷ್ಟೂ ಜಾಗ ಹೆಚ್ಚು, ತೆಗೆದಷ್ಟೂ ಕಡಿಮೆ. ಪುಟ್ಟಮಾದಮ್ಮ ಕೊಡುವುದು ಲಗ್ನಪತ್ರಿಕೆಯನ್ನು. ಗಟ್ಟಿ ಕಾಗದ, ಎಣ್ಣೆ ಕುಡಿದರೆ ಇನ್ನೂ ಗಟ್ಟಿ. ಮಂಚದ ಕೆಳಗಿನ ಟ್ರಂಕಿನಲ್ಲಿ ಎರಡು ತಾಲ್ಲೂಕಿನ ಮದುವೆ, ಗೃಹಪ್ರವೇಶ, ನಾಮಕರಣಗಳೆಲ್ಲ ದಪ್ಪದ ಪ್ರಕಾರ ಬೇರೆಬೇರೆ ಕಟ್ಟುಗಳಾಗಿ ಕೂತಿವೆ. ಜನ ಮದುವೆಗೆ ಕರೆಯಲು ಬಂದರೆ ಇವರು ಮೊದಲು ಪತ್ರಿಕೆಯ ಅಂಚನ್ನು ಹಿಚುಕಿ ನೋಡುತ್ತಾರೆ, ಹುಡುಗ ಯಾರು ಎಂದು ಕೇಳುವುದು ಆಮೇಲೆ. ಎಂಜಿನ್ನಿಗೆ ಹಾಕುವ ಪ್ರತಿ ಪದರದಿಂದ ಒಂದು ಮೂಲೆ ಕತ್ತರಿಸಿ, ಒಂದು ಎಂಜಿನ್ನಿನ ಮೂಲೆಗಳನ್ನು ಒಂದು ಗಂಟಾಗಿ ದಾರಕ್ಕೆ ಪೋಣಿಸುತ್ತಾರೆ. ನೂಲು ಬಿಚ್ಚುವವರ ಅಭ್ಯಾಸ ಅದು. ಪ್ರತಿ ಲಡಿಯಿಂದ ಒಂದು ಎಳೆ ಗುರುತಿಗೆ ಉಳಿಸಿಕೊಳ್ಳುತ್ತಿದ್ದರಂತೆ.

ಜಗಲಿಯಲ್ಲಿರುವ ಎಂಜಿನ್ನು ತಿ. ನರಸೀಪುರ ರಸ್ತೆಯ ಆಲೆಮನೆ ಮಾಲೀಕ ಪುಟ್ಟಬಸವಯ್ಯನವರದು. ಏಳು ಗಂಟೆಗೆ ಅವರೇ ಬೈಕಿನಲ್ಲಿ ಬಂದು ಇಳಿಯುತ್ತಾರೆ. ಎಂಟು ವರ್ಷದ ಹಿಂದೆ ಈ ಮನೆಯ ಮುಂದೆ ಗಾಡಿ ನಿಲ್ಲಿಸಿದರೆ ರಸ್ತೆಯಲ್ಲೇ ನಿಂತು ಮಾತಾಡುತ್ತಿದ್ದವರು. ಎಂಜಿನ್ನು ಜಗಲಿ ಹತ್ತಿದ ಮೇಲೆ ಅದರ ಹಿಂದೆ ಅವರೂ ಹತ್ತಿದ್ದಾರೆ, ಈಗ ಕಾಫಿಗೆ ಸಕ್ಕರೆ ಸಾಲದು ಎಂದೂ ಹೇಳುತ್ತಾರೆ. ಅವರ ಕಣ್ಣೆದುರೇ ಪುಟ್ಟಮಾದಮ್ಮ ಮೂರು ಪದರ ಆರಿಸುತ್ತಾರೆ: ಒಂದು ದಪ್ಪದ ಮದುವೆ, ಎರಡು ತೆಳು ಗೃಹಪ್ರವೇಶ. ಕೂರಿಸಿ, ಅಳೆದು, ಬೋಲ್ಟುಗಳನ್ನು ಬರೀ ಕೈಯಲ್ಲಿ ತಿರುಗಿಸಿ ಬಿಡುತ್ತಾರೆ.

“ಇನ್ನು ಬಿಗಿದ್ರೆ ಆಯ್ತು,” ಎಂದು ರಾಜೇಂದ್ರ ಸ್ಪ್ಯಾನರ್ ಎತ್ತಿಕೊಳ್ಳುತ್ತಾರೆ.

“ಲೇ ರಾಜೇಂದ್ರ, ನೀನ್ ಬಿಗಿಯೋದೊಂದೇ ಮಾಡು ಕಣಪ್ಪ, ಒಳಗಡೆ ಏನೂ ಮುಟ್ಬೇಡ,” ಎನ್ನುತ್ತಾರೆ ಪುಟ್ಟಬಸವಯ್ಯ, ಕಾಫಿ ಲೋಟ ಕೆಳಗಿಡುತ್ತ. “ಮಾದಮ್ಮನ ಕೈ ಬಿದ್ದದೆ, ಅದ್ರ ಮ್ಯಾಲೆ ಇನ್ನೊಬ್ಬರದು ಬ್ಯಾಡ.” ಪಕ್ಕದ ಮನೆಯವರು ನಗುತ್ತಾರೆ. ರಾಜೇಂದ್ರರೂ ನಗುತ್ತಾರೆ. ಆ ನಗುವಿನ ಅಳತೆ ತೆಗೆಯಲು ನನ್ನ ಹತ್ತಿರ ಡಯಲ್ ಗೇಜ್ ಇರಲಿಲ್ಲ.

ಪುಟ್ಟಮಾದಮ್ಮ ಮಹಿಳಾ ಸಂಘದ ಸಭೆಗೆ ಹೊರಡುತ್ತಾರೆ. ನಾನು ನಂಜನಗೂಡಿಗೆ, ಕೈಗಾರಿಕಾ ಪ್ರದೇಶದ ಲೇತ್ ಅಂಗಡಿಯ ಗುರುಪ್ರಸಾದ್ ಅವರನ್ನು ಕಾಣಲು. ಅಲ್ಲಿನ ಗ್ರೈಂಡಿಂಗ್ ಮಿಷನ್ ಎರಡು ಟನ್ ತೂಕದ್ದು, ಆನೆಯನ್ನು ಮಲಗಿಸಿ ಹಸಿರು ಬಣ್ಣ ಬಳಿದಂತಿದೆ. ಪುಟ್ಟಮಾದಮ್ಮನ ಹೆಸರೆತ್ತಿದರೆ ಗುರುಪ್ರಸಾದ್ ಚಹಾದ ಲೋಟವನ್ನು ಮಿಷನ್ ಮೇಲೆ ಕುಕ್ಕುತ್ತಾರೆ. “ಎರಡು ಟನ್ ಮಿಷನ್ ಇಟ್ಕೊಂಡಿರೋನು ನಾನು. ಅಮ್ಮಾರ ಬೆರಳು ಎಷ್ಟ್ ಗ್ರಾಂ ಇದ್ದಾತು ಹೇಳಿ. ಸೀಸನ್‌ನಲ್ಲಿ ತಿಂಗಳಿಗೆ ಹತ್ತು ಕ್ರ್ಯಾಂಕು ಬರ್ತಿತ್ತು ಆ ಕಡೆಯಿಂದ, ಈಗ ಎರಡು. ಒಂದಲ್ಲ ಒಂದು ದಿನ ಯಾವ್ದಾದ್ರೂ ಎಂಜಿನ್ ಹಿಡ್ಕೊಂಡೇ ಹಿಡ್ಕೊತದೆ. ಕಾಯ್ತಾ ಇದೀನಿ.”

ಹೆಚ್ಚು ಕಾಯಬೇಕಾಗಲಿಲ್ಲ.

ಶುಕ್ರವಾರ ಮಧ್ಯಾಹ್ನ ಹದಿನಾರಿನ ಬೀದಿಗೆ ಟೆಂಪೋ ಒಂದು ಬರುತ್ತದೆ. ಹಿಂದೆ ಅದೇ ಎಂಜಿನ್ನು. ಮುಂದೆ ಪುಟ್ಟಬಸವಯ್ಯ, ಅವರ ಪಕ್ಕದಲ್ಲಿ, ಹಬ್ಬಕ್ಕೆ ಬಂದವರ ಹಾಗೆ ತಲೆ ಬಾಚಿಕೊಂಡ ಗುರುಪ್ರಸಾದ್. ಮಧ್ಯಾಹ್ನಕ್ಕೆ ತುಸು ಮುಂಚೆ ಆಲೆಮನೆಯಲ್ಲಿ ಎಂಜಿನ್ ಶುರುವಾಗಿ ಮುಕ್ಕಾಲು ಗಂಟೆ ಓಡಿ, ಬೇರಿಂಗಿನ ಹತ್ತಿರ ಹೊಗೆಯಾಡಿ ನಿಂತುಬಿಟ್ಟಿದೆ. ಎರಡು ಟ್ರ್ಯಾಕ್ಟರ್ ಕಬ್ಬು ಕಡಿದು ಬಿದ್ದಿದೆ. ತಡವಾದಷ್ಟೂ ಒಣಗುತ್ತದೆ, ರಸ ಹುಳಿಯಾಗುತ್ತದೆ, ಬೆಲ್ಲ ಕಟ್ಟುವುದಿಲ್ಲ.

“ಮಾದಮ್ಮ, ನಿನ್ ಮ್ಯಾಲೆ ನಂಗೇನ್ ಕ್ವಾಪ ಇಲ್ಲ,” ಎನ್ನುತ್ತಾರೆ ಪುಟ್ಟಬಸವಯ್ಯ, ಈ ಸಲ ಜಗಲಿ ಹತ್ತದೆ. “ಆದ್ರೆ ನನ್ ಮಾತ್ ಕೇಳಿ ಏಳು ಆಲೆಮನೆಯೋರು ನಿನ್ ಹತ್ರ ಕಳಿಸ್ತಾ ಅವ್ರೆ. ಅವ್ರಿಗೆ ನಾನ್ ಏನ್ ಹೇಳ್ಲಿ?”

“ಬೆರಳಲ್ಲಿ ಎಂಜಿನ್ ಕಟ್ಟಕಾಯ್ತದಾ ಅಂತ ಹೇಳಿ,” ಎನ್ನುತ್ತಾರೆ ಗುರುಪ್ರಸಾದ್. “ಟೆಂಪೋದಿಂದ ಇಳಿಸೋದೇ ಬೇಡ. ಹಂಗೇ ನಂಜನಗೂಡಿಗೆ ಹೋಗಲಿ.”

ಪುಟ್ಟಮಾದಮ್ಮ ಟೆಂಪೋ ಹತ್ತಿ ಎಂಜಿನ್ನಿನ ಮೇಲೆ ಅಂಗೈ ಇಡುತ್ತಾರೆ, ಸುಟ್ಟಂತಾಗಿ ತೆಗೆಯುತ್ತಾರೆ. ಇಳಿದು ಬಂದು ಅಂಗೈಯನ್ನು ಸೆರಗಿಗೆ ಒತ್ತಿಕೊಳ್ಳುತ್ತಾರೆ. “ಇಳ್ಸಿ. ತಣ್ಣಗಾಗ್ಲಿ. ನಾಳೆ ಬೆಳಗ್ಗೆ ಬಿಚ್ತೀನಿ.”

“ನಮ್ ಮಿಷನ್ನು ಸೂರ್ಯನ್ನ ಕೇಳಲ್ಲ ಅಮ್ಮಾ.”

“ನಾನ್ ಮಿಷನ್ ಅಲ್ವಲ್ಲ ಗುರುಪ್ರಸಾದಪ್ಪ.”

ನಾಳೆ ಹತ್ತು ಗಂಟೆಯೊಳಗೆ ಓಡದಿದ್ದರೆ ಎಂಜಿನ್ನು ನಂಜನಗೂಡಿಗೆ, ಅದರ ಹಿಂದೆ ಏಳು ಆಲೆಮನೆಯೂ ನಂಜನಗೂಡಿಗೆ ಎಂದು ಮಾತಾಗುತ್ತದೆ. ರಾಜೇಂದ್ರ ಆ ಹೊತ್ತಿನಲ್ಲಿ ಮನೆಯ ಹಿಂದೆ ಇರದ ಹಸುವಿಗೆ ಹುಲ್ಲು ಹುಡುಕುತ್ತಿದ್ದರು ಎಂದು ನಾನು ಬರೆದರೆ ಅದು ನನ್ನ ತುಂಟತನವಾಗುತ್ತದೆ. ಆದರೆ ಅವರು ಕಾಣಿಸಲಿಲ್ಲ ಎಂಬುದು ಸತ್ಯ.

ನನ್ನ ಮನಸ್ಸಿನ ಮಾತನ್ನೂ ಹೇಳಿಬಿಡುತ್ತೇನೆ. ಆ ಎಂಜಿನ್ನು ನಿಂತದ್ದಕ್ಕೆ ಒಳಗೆಲ್ಲೋ ಒಂದು ಚಿಟಿಕೆ ಖುಷಿಯಾಗಿತ್ತು. ಅಷ್ಟು ನಿಖರವಾದ ಬೆರಳು ಒಮ್ಮೆಯಾದರೂ ತಪ್ಪಲಿ ಎಂದು ನನ್ನ ದಪ್ಪ ಬೆರಳು ಬಯಸಿತ್ತು.

ಶನಿವಾರ ಐದೂವರೆಗೆ ಜಗಲಿಯಲ್ಲಿ ಹದಿನೈದು ಜನ. ನನ್ನ ಲೆಕ್ಕದಲ್ಲಿ ಸಾವಿರದ ಐನೂರು. ಪುಟ್ಟಮಾದಮ್ಮ ತಾವೇ ಸ್ಪ್ಯಾನರ್ ಹಿಡಿದು ಬೇರಿಂಗಿನ ಮುಚ್ಚಳ ಬಿಚ್ಚುತ್ತಾರೆ. ಎಣ್ಣೆ ಮೆತ್ತಿದ ಪದರಗಳನ್ನು ಉಗುರಿನಿಂದ ಎಬ್ಬಿಸಿ ಒಂದೊಂದಾಗಿ ಗೋಣಿಯ ಮೇಲೆ ಇಡುತ್ತಾರೆ. ಒಂದು ಮದುವೆ. ಒಂದು ಗೃಹಪ್ರವೇಶ. ಮತ್ತೆ ಕೈ ಹಾಕಿ ತಡಕುತ್ತಾರೆ. ಅಷ್ಟೆ.

ಅವರು ಯಾರ ಮುಖವನ್ನೂ ನೋಡುವುದಿಲ್ಲ. ಎದ್ದು ಹೋಗಿ ಗೋಡೆಯ ಮೊಳೆಯಿಂದ ದಾರ ತಂದು, ಕೊನೆಯ ಗಂಟನ್ನು ಗುರುಪ್ರಸಾದ್ ಅವರ ಕೈಗೆ ಕೊಡುತ್ತಾರೆ. “ನೀವೇ ಜೋಡ್ಸಿ ನೋಡಿ.”

ಗುರುಪ್ರಸಾದ್ ಎಷ್ಟೇ ಹೊಟ್ಟೆಕಿಚ್ಚಿನವರಾದರೂ ಅಳತೆಯ ಕಸುಬಿನವರು. ಕುಕ್ಕರಗಾಲಲ್ಲಿ ಕೂತು ಮೂಲೆಗಳನ್ನು ಪದರಗಳಿಗೆ ಹೊಂದಿಸುತ್ತಾರೆ. ಬಂಗಾರದ ಅಂಚಿನ ಮೂಲೆ ಮದುವೆಗೆ ಕೂತಿತು. ಹಸಿರು ಮೂಲೆ ಗೃಹಪ್ರವೇಶಕ್ಕೆ ಕೂತಿತು. ಮೂರನೇ ಮೂಲೆ, ಗುಲಾಬಿ ಬಣ್ಣದ್ದು, ಅವರ ಬೆರಳ ನಡುವೆ ಉಳಿಯಿತು. ಅವರು ಅದನ್ನು ತಿರುಗಾಮುರುಗಾ ಮಾಡಿ ನೋಡಿ ಹೇಳುತ್ತಾರೆ: “ಒಂದು ತೆಗ್ದವ್ರೆ.”

“ನಾನ್ ಮೂರು ಮಡಗಿದ್ದೆ,” ಎನ್ನುತ್ತಾರೆ ಪುಟ್ಟಮಾದಮ್ಮ. “ಎರಡದೆ. ತಗುದೋರು ಯಾರೋ ಅವ್ರೇ ಬಂದು ಮಡಗ್ಲಿ. ನಾನ್ ಮುಟ್ಟಲ್ಲ.”

ಈ ಮಾತನ್ನು ಆಡದೆಯೂ ಇರಬಹುದಿತ್ತು. ಮೂರನೆಯದನ್ನು ಸದ್ದಿಲ್ಲದೆ ಸೇರಿಸಿದ್ದರೆ ಗಂಡನ ಮಾನ ಉಳಿಯುತ್ತಿತ್ತು, ತಪ್ಪು ಇವರ ಬೆರಳಿನ ಮೇಲೆ ಹೋಗುತ್ತಿತ್ತು. ಇಂಥ ಹೊತ್ತಿನಲ್ಲಿ ನಮ್ಮ ಹೆಂಗಸರು ನುಂಗಿಕೊಂಡದ್ದನ್ನು ಹೊಗಳಿ ನಾನೇ ಒಂದು ಲೋಡು ಲೇಖನ ಬರೆದಿದ್ದೇನೆ. ಪುಟ್ಟಮಾದಮ್ಮ ನುಂಗಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು ಕಂಬಕ್ಕೆ ಒರಗಿ ಕೂತರು.

ಆಮೇಲೆ ರಾಜೇಂದ್ರ ಒಳಗಿನಿಂದ ಬರುತ್ತಾರೆ. ಅಂಗಿಯ ಜೇಬಿನಿಂದ ಗುಲಾಬಿ ಬಣ್ಣದ ಪದರ ತೆಗೆಯುತ್ತಾರೆ. ಎರಡು ದಿನ ಅದನ್ನು ಎಸೆಯಲೂ ಆಗದೆ ಇಟ್ಟುಕೊಳ್ಳಲೂ ಆಗದೆ ಜೇಬಿನಲ್ಲೇ ಹೊತ್ತು ತಿರುಗಿದ್ದಾರೆ.

“ಎರಡೇ ಸಾಕು ಅನ್ನಿಸ್ತು,” ಎನ್ನುತ್ತಾರೆ, ಪುಟ್ಟಬಸವಯ್ಯನವರ ಕಡೆ ನೋಡಿ. ಮತ್ತೆ ತಲೆ ಅಲ್ಲಾಡಿಸುತ್ತಾರೆ. “ಅದಲ್ಲ. ನೀವು ಮುಟ್ಬೇಡ ಅಂದ್ರಿ. ಅದಕ್ಕೇ ಮುಟ್ಟಬೇಕು ಅನ್ನಿಸ್ತು. ಬೋರ್ಡ್ ಮ್ಯಾಲಿರೋ ಹೆಸ್ರು ನಂದು ಬಸವಯ್ಯಾರೇ. ಎಂಜಿನ್ ಒಳಗೆ ನಂದು ಅನ್ನೋದು ಏನಾದ್ರೂ ಒಂದ್ ಇರ್ಲಿ ಅಂತ.”

“ನಿಂದೇ ಕಣಪ್ಪ, ಹೊಗೆ ಪೂರಾ ನಿಂದೇ,” ಎನ್ನುತ್ತಾರೆ ಪುಟ್ಟಬಸವಯ್ಯ. ಯಾರೋ ಕಿಸಕ್ ಎನ್ನುತ್ತಾರೆ. ಪುಟ್ಟಮಾದಮ್ಮ ನಗುವುದಿಲ್ಲ.

ಬೇರಿಂಗಿನ ಬದಿಯಲ್ಲಿ ತಿಕ್ಕಿ ಸುಟ್ಟ ಗಾಯವಿದೆ. ಅದನ್ನು ಸರಿಮಾಡಲು ಪುಟ್ಟಮಾದಮ್ಮ ಎರಡೂವರೆ ಗಂಟೆ ಕೆರೆಯುತ್ತಾರೆ. ನೀಲಿ ಕಲೆಸಿ ಕೊಡುವವರು ರಾಜೇಂದ್ರ. ಮೂರು ಪದರವನ್ನೂ ಗಂಡನ ಕೈಯಲ್ಲೇ ಹಾಕಿಸಿ, ತಾವು ಕ್ರ್ಯಾಂಕನ್ನು ಆಚೀಚೆ ತಳ್ಳಿ ಬೆರಳಲ್ಲಿ ನೋಡಿ, ಹೂಂ ಎನ್ನುತ್ತಾರೆ. ಒಂಬತ್ತೂಕಾಲಿಗೆ ಎಂಜಿನ್ ಶುರುವಾಗುತ್ತದೆ. ಅದರ ಸದ್ದಿಗೆ ನಂಜನಗೂಡಿನ ರೈಲು ಹೆದರಿ ಹಳಿಯ ಮೇಲೇ ನಿಂತಿತು ಎಂದು ಕೇಳಿದ್ದೇನೆ. ಪುಟ್ಟಮಾದಮ್ಮ ಬೇರಿಂಗಿನ ಮುಚ್ಚಳದ ಮೇಲೆ ಅಂಗೈ ಊರಿ, ಒಂದು ಪಾವು ಅಕ್ಕಿ ಬೇಯುವಷ್ಟು ಹೊತ್ತು ತೆಗೆಯುವುದಿಲ್ಲ. ಆಮೇಲೆ ಪುಟ್ಟಬಸವಯ್ಯನವರ ಕೈ ಹಿಡಿದು ಅದೇ ಜಾಗದಲ್ಲಿ ಇಡುತ್ತಾರೆ. ಕೈ ಸುಡುವುದಿಲ್ಲ.

ಎಂಜಿನ್ನು ಟೆಂಪೋ ಹತ್ತಿ ಕಬ್ಬಿನ ಕಡೆಗೆ ಹೋಗುತ್ತದೆ. ಪುಟ್ಟಬಸವಯ್ಯ ಟೆಂಪೋದಲ್ಲೇ ಫೋನು ಕಿವಿಗಿಟ್ಟು ಯಾವುದೋ ಆಲೆಮನೆಗೆ ಕೂಗಿ ಹೇಳುತ್ತಿರುವುದು ಬೀದಿ ತಿರುಗುವವರೆಗೂ ಕೇಳುತ್ತದೆ. ಗುರುಪ್ರಸಾದ್ ಮಾತ್ರ ಹೋಗುವುದಿಲ್ಲ. ಪುಟ್ಟಮಾದಮ್ಮನ ಕೆರೆಯುವ ಉಳಿಯನ್ನು ಕೈಯಲ್ಲಿ ತೂಗುತ್ತ ಜಗಲಿಯಲ್ಲೇ ಕೂತಿದ್ದಾರೆ.

ಇಂಥ ಲೇಖನದ ಕೊನೆಗೆ ಕೇಳುವ ಪ್ರಶ್ನೆಯನ್ನು ನಾನೂ ಕೇಳುತ್ತೇನೆ. ನಿಮಗೊಂದು ಆಸೆ ಇದ್ದರೆ ಹೇಳಿ. ಬೋರ್ಡಿನ ಮೇಲೆ ಹೆಸರು ಬೇಕೇ?

“ಬೋರ್ಡ್ ಅವ್ರೇ ಮಡಿಕಳ್ಲಿ. ಇಲ್ದೆ ಇದ್ರೆ ಇನ್ನೇನೇನ್ ತಗುದು ಜೋಬಲ್ ಮಡಿಕತಾರೋ.” ರಾಜೇಂದ್ರ ತಲೆ ತಗ್ಗಿಸಿ ನಗುತ್ತಾರೆ, ಬೆಳಗಿನಿಂದ ಇವರಿಬ್ಬರ ನಡುವಿನ ಮೊದಲ ಮಾತು ಅದು. ಪುಟ್ಟಮಾದಮ್ಮ ಬೆರಳಿಗೆ ಹತ್ತಿದ ನೀಲಿ ಒರೆಸಿಕೊಳ್ಳುತ್ತಾರೆ. “ಎಲ್ಲಾರ್ಗೂ ನನ್ ಮ್ಯಾಲೆ ಒಟ್ಟೆಕಿಚ್ಚು ಅಂತೀರಲ್ಲ ಸಾ, ನಂಗಿಲ್ವಾ? ಕ್ರ್ಯಾಂಕು ಪೂರಾ ತಿಂದೋಗಿದ್ರೆ ನಾನ್ ಏನೂ ಮಾಡಕಾಗಲ್ಲ, ಇವ್ರ ಮಿಷನ್ನಿಗೇ ಓಗ್ಬೇಕು. ನಾನ್ ಮೂರು ದಿನ ಕೆರಿಯದ್ನ ಅದು ಅರ್ಧ ಗಂಟೇಲಿ ಮಾಡ್ತದಂತೆ. ಅದ್ಕೆ ಬೆನ್ನು ನೋಯಲ್ಲ. ಅದು ಮಾಡಿದ್ ಕೆಲ್ಸವ ಒಂದ್ಸಲ ಮುಟ್ಟಿ ನೋಡ್ಬೇಕು ಅಂತ ಎಂಟು ವರ್ಸದಿಂದ ಆಸೆ. ಎಲ್ಲಿ ತಪ್ಪು ಅದೆ ಅಂತ ನಂಗ್ ಗೊತ್ತಾಗ್ತದೆ.”

ಗುರುಪ್ರಸಾದ್ ಉಳಿಯನ್ನು ಕೆಳಗಿಡುತ್ತಾರೆ. “ಬನ್ನಿ ಅಮ್ಮಾ. ನಾಳೆ ಭಾನುವಾರ, ಅಂಗಡಿ ರಜ. ಯಾರೂ ಇರಲ್ಲ, ನಿಧಾನಕ್ಕೆ ನೋಡ್ಬೋದು.”

“ನಾನೇ ಬೈಕಲ್ ಕರ್ಕ ಬತ್ತೀನಿ,” ಎನ್ನುತ್ತಾರೆ ರಾಜೇಂದ್ರ.

ಪುಟ್ಟಮಾದಮ್ಮ ಗೋಣಿಚೀಲ ಕೊಡವಿ ಮಡಿಸುತ್ತಾರೆ.

“ರಜಾ ದಿನ ಬ್ಯಾಡ ಕಣಪ್ಪ. ಸೋಮವಾರ ಬತ್ತೀನಿ. ನಿಮ್ ಕೆಲ್ಸದೋರು ಎಲ್ಲಾರೂ ಇರ್ಲಿ.”